ತಡವಾದ ಕೆಲಸಗಳು: ಸೊನ್ನೆ

ಸಭೆಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಒಬ್ಬೊಬ್ಬರೇ ಕೂತು ದುಡಿಯುವವರ ಈ ನಮ್ಮ ಸಂಘದ ಪದಾಧಿಕಾರಿಗಳೇ, ವರ್ಷಕ್ಕೊಂದು ದಿನವಾದರೂ ನಾಲ್ಕು ಜನರ ಮುಖ ನೋಡೋಣವೆಂದು ಅಂಗಡಿಗೆ ಬೀಗ ಹಾಕಿಕೊಂಡು ಬಂದಿರುವ ಸಭಿಕರೇ, ಹಾಗೂ ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿರುವ ನನ್ನ ತಂಗಿಯೇ, ಎಲ್ಲರಿಗೂ ವಂದನೆಗಳು.

ಮೊದಲು ಒಂದು ಮಾತು ಕೇಳಿಬಿಡುತ್ತೇನೆ. ಆ ಗೋಡೆ ಗಡಿಯಾರ ಸರಿಯಾಗಿದೆಯೇ? ಹನ್ನೊಂದು ಹತ್ತೇ? ಒಳ್ಳೆಯದು. ಅಧ್ಯಕ್ಷರು ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ನಾನು ಆಗಾಗ ಗಡಿಯಾರ ನೋಡಿದರೆ ದಯವಿಟ್ಟು ತಪ್ಪು ತಿಳಿಯಬೇಡಿ. ಹನ್ನೆರಡು ಗಂಟೆಯೊಳಗೆ ಶುರುವಾಗಬೇಕಾದ ಕೆಲಸವೊಂದು ನನ್ನ ತಲೆಯ ಮೇಲೆ ಕೂತಿದೆ.

ಒಬ್ಬರೇ ಕೆಲಸ ಮಾಡುವವರು ಯೋಜನೆ ಹಾಕಿಕೊಳ್ಳಲು ಯಾವ ಸಾಫ್ಟ್‌ವೇರ್ ಆರಿಸಿಕೊಳ್ಳಬೇಕು ಎಂಬುದು ನನಗೆ ಕೊಟ್ಟ ವಿಷಯ. ಭಾಷಣ ಮುಗಿದ ಮೇಲೆ ಪ್ರಶಸ್ತಿ. ಅದೋ, ಚೌಕಟ್ಟು ಹಾಕಿಸಿ ಮೇಜಿನ ಮೇಲಿಟ್ಟಿದ್ದಾರೆ. ‘ನಾಲ್ಕು ವರ್ಷ, ಇನ್ನೂರ ಹನ್ನೆರಡು ಕೆಲಸ, ತಡವಾದ ಕೆಲಸಗಳು ಸೊನ್ನೆ’ ಎಂದು ಚೆಂದದ ಅಕ್ಷರದಲ್ಲಿ ಬರೆಸಿದ್ದಾರೆ. ಅದನ್ನು ನಾನು ಕೈಗೆ ತೆಗೆದುಕೊಳ್ಳಬೇಕೋ ಬೇಡವೋ ಎಂಬುದು ಈ ಇಪ್ಪತ್ತು ನಿಮಿಷದಲ್ಲೇ ತೀರ್ಮಾನವಾಗಬೇಕು. ಅಧ್ಯಕ್ಷರು ಹುಬ್ಬು ಗಂಟಿಕ್ಕುತ್ತಿದ್ದಾರೆ. ಗಾಬರಿಯಾಗಬೇಡಿ ಸಾರ್, ವಿಷಯಕ್ಕೇ ಬರುತ್ತೇನೆ.

ನಾನು ಕೃತಕ ಕಾಲು ಮಾಡುವವನು. ಇಲ್ಲಿಂದ ಮೂರು ಬೀದಿ ಆಚೆ ಒಂದೇ ಕೋಣೆಯ ಕಾರ್ಯಾಗಾರ. ಅಚ್ಚು ತೆಗೆಯುವವನೂ ನಾನೇ, ಉಜ್ಜುವವನೂ ನಾನೇ, ನೆಲ ಗುಡಿಸುವವನೂ ನಾನೇ. ಮೊದಲೆಲ್ಲ ಕೆಲಸದ ಪಟ್ಟಿಯನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ನಾಲ್ಕೂವರೆ ವರ್ಷದ ಕೆಳಗೆ ಕಟ್ಟಡದ ಮಾಲೀಕರು ಗೋಡೆಗೆ ಸುಣ್ಣ ಹೊಡೆಸಿಬಿಟ್ಟರು. ಎರಡು ತಿಂಗಳ ಕೆಲಸ ಒಂದೇ ಬೆಳಗ್ಗೆ ಬೆಳ್ಳಗಾಯಿತು. ಆಗ ಸಾಫ್ಟ್‌ವೇರ್ ಹುಡುಕಲು ಹೊರಟೆ.

ಮೊದಲನೆಯದನ್ನು ಕೊಟ್ಟವರು ಸೇತುವೆ ಕಟ್ಟುವ ಎಂಜಿನಿಯರ್ ಸ್ನೇಹಿತರು. ನೂರಾರು ಜನರ ಕೆಲಸ ಹೊಂದಿಸುವ ಸಾಫ್ಟ್‌ವೇರ್ ಅದು. ಒಂದೊಂದು ಕೆಲಸಕ್ಕೂ ‘ಜವಾಬ್ದಾರಿ ಯಾರದು’ ಎಂದು ಕೇಳುತ್ತದೆ. ನಾನು ಎಂದು ಬರೆದೆ. ‘ಒಪ್ಪಿಗೆ ಕೊಡುವವರು ಯಾರು’ ಎಂದು ಕೇಳುತ್ತದೆ. ಅಲ್ಲೂ ನಾನೇ ಎಂದು ಬರೆದೆ. ಆಮೇಲೆ ‘ಒಪ್ಪಿಗೆಗಾಗಿ ಕಾಯಲಾಗುತ್ತಿದೆ’ ಎಂದು ತೋರಿಸತೊಡಗಿತು. ನಾನೂ ಕಾದೆ. ಮೂರು ದಿನ ಕಾದೆ. ನಾಲ್ಕನೆಯ ದಿನ ಹೊಳೆಯಿತು, ನನಗೆ ಒಪ್ಪಿಗೆ ಕೊಡಬೇಕಾದ ದೊಡ್ಡ ಮನುಷ್ಯ ನಾನೇ ಎಂದು! ನಗಿ, ನಗಿ. ನಿಮ್ಮಲ್ಲಿ ಎಷ್ಟು ಜನ ಇದನ್ನೇ ಮಾಡಿದ್ದೀರೆಂದು ನನಗೆ ಗೊತ್ತಿದೆ.

ಎರಡನೆಯದು ಬಣ್ಣದ ಚೀಟಿಗಳದ್ದು. ಅಚ್ಚಿಗೆ ನೀಲಿ, ಜೋಡಣೆಗೆ ಹಳದಿ, ದುರಸ್ತಿಗೆ ಹಸಿರು. ಬೆಳಗಿನ ಹೊತ್ತೆಲ್ಲ ಚೀಟಿ ಜೋಡಿಸುವುದು, ಮಧ್ಯಾಹ್ನ ಅವು ಎಷ್ಟು ಚೆನ್ನಾಗಿ ಕಾಣುತ್ತವೆಂದು ನೋಡುವುದು. ಕೆಲಸ ಯಾವಾಗ? ಮೂರನೆಯದರಲ್ಲಿ ಉದ್ದುದ್ದ ಪಟ್ಟಿಗಳು, ಅಡಿಗಡಿಗೆ ಕೆಂಪು. ಒಂದು ದಿನ ತಡವಾದರೂ ಪರದೆಯೆಲ್ಲ ಕೆಂಪು. ಬೆಳಗ್ಗೆ ಬಾಗಿಲು ತೆಗೆದು ಕೂತರೆ ಸಾಕು, ಯಾರೋ ಕತ್ತಿನ ಪಟ್ಟಿ ಹಿಡಿದು ಕೇಳಿದ ಹಾಗೆ. ನನಗೆ ಸಿಟ್ಟು ಜಾಸ್ತಿ, ಕಿತ್ತು ಹಾಕಿದೆ.

ನಾಲ್ಕನೆಯದು ಸಿಕ್ಕಿತು ನೋಡಿ. ನೀವೆಲ್ಲ ಹೆಸರು ಬರೆದುಕೊಳ್ಳಲು ಕೂತಿರುವ ಆ ಸಾಫ್ಟ್‌ವೇರ್. ಅದರಲ್ಲಿ ಕೆಂಪು ಬಣ್ಣವೇ ಇಲ್ಲ. ಇವತ್ತಿನ ಕೆಲಸ ಇವತ್ತು ಆಗದಿದ್ದರೆ ತಾನೇ ಎತ್ತಿ ನಾಳೆಗೆ ಇಡುತ್ತದೆ. ಗದರುವುದಿಲ್ಲ, ಗಲಾಟೆ ಮಾಡುವುದಿಲ್ಲ. ಬೆಳಗ್ಗೆ ತೆರೆದರೆ ‘ಶುಭೋದಯ, ಇವತ್ತು ಐದು ಕೆಲಸಗಳಿವೆ’ ಎನ್ನುತ್ತದೆ, ಅಷ್ಟೇ. ಒಬ್ಬನೇ ಇರುವವನಿಗೆ ಇದಕ್ಕಿಂತ ಒಳ್ಳೆಯ ಜೊತೆ ಬೇಕೇ? ನಾನು ಸೋತುಹೋದೆ.

ತಿಂಗಳ ಕೊನೆಗೆ ಅದು ವರದಿ ಕೊಡುತ್ತದೆ. ಪ್ರಶಸ್ತಿಗೆ ಅರ್ಜಿ ಹಾಕಿ ಎಂದು ಸಂಘದವರು ಹೇಳಿದಾಗ ನಾನು ಲಗತ್ತಿಸಿದ್ದು ಆ ವರದಿಯನ್ನೇ. ಈ ಭಾಷಣಕ್ಕೆ ಒಂದು ಉದಾಹರಣೆ ಬೇಕಾಗಿತ್ತು. ಹತ್ತು ದಿನದ ಕೆಳಗೆ ಒಂದು ಕೆಲಸದ ಹಿಂದಿನ ಚರಿತ್ರೆ ತೆರೆದು ನೋಡಿದೆ. ‘ತಂಗಿಯ ಸಾಕೆಟ್.’ ಸಾಕೆಟ್ ಎಂದರೆ ಕತ್ತರಿಸಿದ ಮೇಲೆ ಉಳಿದ ಕಾಲಿನ ಭಾಗವನ್ನು ಹಿಡಿದುಕೊಳ್ಳುವ ಬಟ್ಟಲು, ಅದು ಸರಿಯಿದ್ದರೆ ಮಾತ್ರ ಕೃತಕ ಕಾಲು ಕಾಲಾಗುತ್ತದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿತ್ತು: ‘ನೂರ ಇಪ್ಪತ್ತೊಂದು ಸಲ ಮುಂದೂಡಲಾಗಿದೆ.’ ಇವತ್ತಿಗೆ ನೂರ ಮೂವತ್ತೊಂದು. ಪ್ರತಿ ಸಲವೂ ಕೊನೆಯ ದಿನಾಂಕವೂ ಜೊತೆಗೇ ಮುಂದೆ ಹೋಗಿದೆ. ದಿನಾಂಕವೇ ಮುಂದೆ ಹೋದ ಮೇಲೆ ತಡವೆಲ್ಲಿಂದ ಬರಬೇಕು? ಸೊನ್ನೆ.

ನನಗೆ ಗೊತ್ತೇ ಇರಲಿಲ್ಲ.

ನೀರು ಕುಡಿಯುತ್ತೇನೆ, ಕ್ಷಮಿಸಿ.

ಗೊತ್ತಿರಲಿಲ್ಲ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಆ ಹೆಸರು ದಿನಾ ಬೆಳಗ್ಗೆ ಪಟ್ಟಿಯಲ್ಲಿರುತ್ತಿತ್ತು. ದಿನಾ ನೋಡುತ್ತಿದ್ದೆ. ಬೇರೆಯವರ ಕೆಲಸ ಒಂದು ದಿನ ತಡವಾದರೆ ಅವರು ಫೋನ್ ಮಾಡಿ ಬೈಯುತ್ತಾರೆ, ಬಾಗಿಲಿಗೆ ಬಂದು ನಿಲ್ಲುತ್ತಾರೆ. ಬೈಯುವವರ ಕೆಲಸ ಮೊದಲು ಮಾಡುತ್ತಿದ್ದೆ. ಇವಳು ಬೈಯುವವಳಲ್ಲ. ಮನೆಯವಳೇ ತಾನೇ, ಕಾಯುತ್ತಾಳೆ.

ನನ್ನ ತಂಗಿ ಹದಿನಾರು ವರ್ಷ ಟಿಕೆಟ್ ಕೊಡುವ ಗೂಡಿನಲ್ಲಿ ಕೂತು ದುಡಿದವಳು. ಹೋದ ವರ್ಷದ ಕೊನೆಗೆ ಒಂದು ದಿನ ಓಡೋಡಿ ಬಂದಳು. ಅವಳು ಓಡುವುದೆಂದರೆ ಹೇಗೆಂದು ನನಗೆ ಮಾತ್ರ ಗೊತ್ತು. “ಅಣ್ಣಾ, ಮ್ಯೂಸಿಯಮ್ಮಲ್ಲಿ ಜನರಿಗೆ ಎಲ್ಲಾ ತೋರಿಸಿ ವಿವರಿಸೋ ಕೆಲಸ ಖಾಲಿ ಇದೆ ಕಣೋ. ಇಷ್ಟು ವರ್ಷ ಕೂತೇ ಸವೆದೆ. ನಿಂತ್ಕೊಂಡು ಮಾಡೋ ಕೆಲಸ ಒಂದು ಸಿಗೋ ಹಾಗಿದೆ. ಹೊಸ ಸಾಕೆಟ್ ಮಾಡ್ಕೊಡ್ತೀಯಾ? ಇದು ಸಡಿಲ ಆಗಿ ಉಜ್ತಾ ಇದೆ.” ನಾನು ಅವಳೆದುರಿಗೇ ಸಾಫ್ಟ್‌ವೇರಿನಲ್ಲಿ ಬರೆದುಕೊಂಡೆ. “ಬರ್ಕೊಂಡಿದೀನಲ್ಲ, ಇನ್ನು ಆದ ಹಾಗೇ ಲೆಕ್ಕ,” ಎಂದೆ.

ಆ ಕೆಲಸದ ಪರೀಕ್ಷೆಯ ದಿನ ಐದು ಗಂಟೆ ಹೊತ್ತು ನಿಂತು ಜನರನ್ನು ಕರೆದುಕೊಂಡು ಓಡಾಡಬೇಕಿತ್ತು. ಅವಳು ಹಳೆಯ ಕಾಲಿನಲ್ಲೇ ಹೋದಳು. ಮೂರನೆಯ ಗಂಟೆಗೆ ಮೆಟ್ಟಿಲ ಮೇಲೆ ಕೂತುಬಿಟ್ಟಳಂತೆ. ಕಾಲುಚೀಲದಲ್ಲಿ ರಕ್ತ. ಕೆಲಸ ಬೇರೆಯವರಿಗೆ ಹೋಯಿತು. ನನ್ನ ಮುಂದೆ ಬಂದು ಏನಂದಳು ಗೊತ್ತೇ? “ಬಿಡು ಅಣ್ಣ, ನಿಂಗೂ ಒಂದೇ ಜೀವ, ಎಷ್ಟೂಂತ ಮಾಡ್ತೀಯಾ.” ಅವತ್ತು ಬೈದಿದ್ದರೆ ಚೆನ್ನಾಗಿತ್ತು. ನನಗೆ ಅವತ್ತು ನಾಚಿಕೆಯಾಯಿತು. ಮರುದಿನ ಬೆಳಗ್ಗೆ ‘ಶುಭೋದಯ’ ಎಂದಿತು, ಪಟ್ಟಿಯಲ್ಲಿ ಅವಳ ಸಾಕೆಟ್ ಇತ್ತು, ನಾನು ಬೇರೆಯವರದ್ದನ್ನು ಕೈಗೆತ್ತಿಕೊಂಡೆ. ನಾಚಿಕೆಯನ್ನೂ ಅದು ನಾಳೆಗೆ ಎತ್ತಿಟ್ಟಿತ್ತು.

ಇದು ಬರೆದುಕೊಂಡು ಬಂದ ಭಾಷಣದಲ್ಲಿಲ್ಲ. ಬರೆದದ್ದು ಜೇಬಿನಲ್ಲಿದೆ, ಅದರಲ್ಲಿ ಬರೀ ಜೋಕುಗಳಿವೆ.

ಅವಳ ಕಾಲು ಹೋದದ್ದು ಏಳನೆಯ ವಯಸ್ಸಿನಲ್ಲಿ. ನನಗೆ ಹನ್ನೊಂದು. ಶಾಲೆಯಿಂದ ಕರೆದುಕೊಂಡು ಬರುವುದು ನನ್ನ ಕೆಲಸ. ದಾರಿಯಲ್ಲಿ ಸೈಕಲ್ ಅಂಗಡಿ, ಹೊಸ ಬೆಲ್ ಬಂದಿತ್ತು. “ಇಲ್ಲೇ ನಿಂತಿರು, ಒಂದ್ ನಿಮಿಷ, ಬಂದೆ,” ಎಂದು ಅವಳನ್ನು ಗೋದಾಮಿನ ಗೇಟಿನ ಹತ್ತಿರ ನಿಲ್ಲಿಸಿ ಹೋದೆ. ಲಾರಿ ಹಿಂದಕ್ಕೆ ಬಂದಾಗ ಅಕ್ಕಪಕ್ಕದ ಮಕ್ಕಳೆಲ್ಲ ಓಡಿದರಂತೆ. ಇವಳು ಓಡಲಿಲ್ಲ. ಅಣ್ಣ ನಿಂತಿರು ಅಂದಿದ್ದಾನೆ, ನಿಂತಿದ್ದಳು. ನಾನು ಈ ವೃತ್ತಿ ಯಾಕೆ ಹಿಡಿದೆ ಎಂದು ಪತ್ರಿಕೆಯವರು ಕೇಳಿದಾಗಲೆಲ್ಲ ‘ಸೇವಾ ಮನೋಭಾವ’ ಎಂದಿದ್ದೇನೆ. ಈಗ ನಿಮಗೂ ಗೊತ್ತಾಯಿತು.

ಹನ್ನೊಂದು ಇಪ್ಪತ್ತೈದು. ಅಧ್ಯಕ್ಷರಿಂದ ಚೀಟಿ ಬಂದಿದೆ, ‘ವಿಷಯಕ್ಕೆ ಬನ್ನಿ’ ಎಂದು. ಸಾರ್, ಇದೇ ವಿಷಯ.

ಮ್ಯೂಸಿಯಮ್ಮಿನವರು ಅವಳನ್ನು ಮತ್ತೆ ಕರೆದಿದ್ದಾರೆ. ಸೇರಿದವರು ಬಿಟ್ಟು ಹೋದರಂತೆ. ಸೋಮವಾರ ಬೆಳಗ್ಗೆ ಹತ್ತಕ್ಕೆ, ಅದೇ ಐದು ಗಂಟೆ. ಇವತ್ತು ಗುರುವಾರ. ಅಚ್ಚಿಗೆ ಒಂದು ದಿನ, ತಿದ್ದುವುದಕ್ಕೆ ಒಂದು ದಿನ, ಬಟ್ಟಲಿಗೆ ಒಂದು ದಿನ, ಹಾಕಿ ನಡೆಸಿ ನೋಡುವುದಕ್ಕೆ ಒಂದು ದಿನ. ಒಂದು ದಿನವೂ ಹೆಚ್ಚಿಲ್ಲ. ಸಂಜೆ ಹೊತ್ತಿಗೆ ಕಾಲಿನ ಅಳತೆಯೇ ಬದಲಾಗುವುದರಿಂದ ಅಚ್ಚನ್ನು ಮಧ್ಯಾಹ್ನದೊಳಗೇ ತೆಗೆಯಬೇಕು. ನಿನ್ನೆ ಅವಳು ಫೋನಿನಲ್ಲಿ, “ನಾಳೆ ಬೆಳಗ್ಗೆ ಅಚ್ಚು ತೆಗೀತೀಯಾ ಅಣ್ಣ?” ಎಂದಳು. ನಾನು, “ನಾಳೆ ಸಭೆ ಇದೆಯಲ್ಲಮ್ಮ. ನೀನೂ ಬಾ, ಮುಗಿಸ್ಕೊಂಡು ಹಾಗೇ ಹೋಗೋಣ,” ಎಂದೆ. “ಸಂಜೆ ಐದರ ತನಕ ಅಂತ ಆಮಂತ್ರಣದ ಕಾರ್ಡಲ್ಲಿದೆಯಲ್ಲೋ.” “ಏನಾದ್ರೂ ಮಾಡೋಣ ಬಾ.” “ಆಯ್ತು, ಬರ್ತೀನಿ,” ಎಂದಳು. ಬಂದು ಒಂಬತ್ತೂವರೆಯಿಂದ ಬಾಗಿಲ ಪಕ್ಕದಲ್ಲಿ ಕೂತಿದ್ದಾಳೆ. ಇಷ್ಟು ಹೊತ್ತಿನಲ್ಲಿ ಒಂದು ಸಲವೂ ಗಡಿಯಾರ ನೋಡಲಿಲ್ಲ. ನಾನು ಗಮನಿಸುತ್ತಲೇ ಇದ್ದೇನೆ.

ಊಟದ ನಂತರ ನಿಮ್ಮ ಫೋನುಗಳಲ್ಲಿ ಆ ಸಾಫ್ಟ್‌ವೇರ್ ಹಾಕಿಕೊಡುವ ತರಬೇತಿ ನನ್ನದು ಎಂದು ಕಾರ್ಡಿನಲ್ಲಿದೆ. ಅದು ನಡೆಯುವುದಿಲ್ಲ. ಯಾವುದನ್ನು ಆರಿಸಿಕೊಳ್ಳಬೇಕೆಂದು ಕೇಳುತ್ತೀರಾ? ಕೆಂಪು ತೋರಿಸುವುದನ್ನು ಆರಿಸಿಕೊಳ್ಳಿ. ನಮ್ಮಂಥವರ ತಲೆಯ ಮೇಲೆ ಯಜಮಾನನಿಲ್ಲ. ಕೇಳುವ ಹಕ್ಕಿದ್ದವರು ಕೇಳದೆ ಸುಮ್ಮನಿರುತ್ತಾರೆ. ಅದಾದರೂ ಕೇಳಲಿ. ನಾನು ಮೂರನೆಯದನ್ನು ಮೊನ್ನೆ ಮತ್ತೆ ಹಾಕಿಕೊಂಡೆ. ಪರದೆಯ ಮೇಲೆ ಒಂದೇ ಒಂದು ಗೆರೆ ಕೆಂಪಗಿದೆ.

ಅಧ್ಯಕ್ಷರೇ, ಆ ಚೌಕಟ್ಟು ಮೇಜಿನ ಮೇಲೇ ಇರಲಿ. ಅದರಲ್ಲಿ ಬರೆಸಿದ್ದು ಸುಳ್ಳು. ಸುಳ್ಳಿನ ಕಾಗದ ಕೊಟ್ಟವನು ನಾನು, ನಿಮ್ಮದೇನೂ ತಪ್ಪಿಲ್ಲ. ಸಂಘದ ಮುಂದೆ ತಲೆ ತಗ್ಗಿಸಿ ಕ್ಷಮೆ ಕೇಳುತ್ತೇನೆ. ಅವಳ ಕ್ಷಮೆಯನ್ನು ಮೈಕಿನಲ್ಲಿ ಕೇಳುವುದಿಲ್ಲ.

ತಂಗೀ, ಏಳಬೇಡ. ಮುಗಿಸ್ಕೊಂಡು ಬಂದೆ ಅಂತಲೂ ಹೇಳೋದಿಲ್ಲ. ಇಗೋ, ಇಳೀತಾ ಇದೀನಿ. ನಿನ್ನ ಚೀಲ ನಾನು ಹಿಡ್ಕೋತೀನಿ, ನಡಿ, ಅಚ್ಚಿಗೆ ಪ್ಲಾಸ್ಟರ್ ನೆನೆಹಾಕೋಣ.

ಸಭಿಕರೇ, ಕೊಟ್ಟ ಸಮಯದಲ್ಲಿ ಮೂರು ನಿಮಿಷ ಉಳಿದಿದೆ. ಇಷ್ಟು ಹೊತ್ತು ಕಾದು ಕೂತದ್ದಕ್ಕೆ ನಿಮಗೂ, ಅದಕ್ಕಿಂತ ಹೆಚ್ಚು ಕಾದವಳಿಗೂ ನನ್ನ ಕೃತಜ್ಞತೆಗಳು. ನಮಸ್ಕಾರ.