ಗಂಟೆಯ ಸರದಿ

ಪುತ್ತೂರಿನ ಡಯಾಲಿಸಿಸ್ ಕೇಂದ್ರದ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಕಾಣಿಯೂರಿನ ಕೃಷ್ಣಮೋಹನ ಭಟ್ಟರು ಹೆಂಡತಿ ಈಶ್ವರಿಯ ಜೊತೆ ಕಾಯುತ್ತಿದ್ದರು. ಎದುರಿಗಿದ್ದ ಇನ್ನೊಬ್ಬ ರೋಗಿ ಧರ್ಮಪಾಲ ಗೌಡರು ಕೇಳಿದರು:

“ಸೂಜಿ ಚುಚ್ಚುವ ಎಡಗೈಯಲ್ಲಿ ಭಾರ ಎತ್ಲಿಕ್ಕಿಲ್ಲ ಅಲ್ವಾ ಭಟ್ರೆ, ಪೂಜೆಗೆ ಗಂಟೆ ಯಾರು ಹೊಡೆಯುದು?”

“ಆರತಿ ಬಲಗೈಯಲ್ಲಿ ನಾನೇ ಎತ್ತುದು. ಗಂಟೆ ಇವಳದ್ದು.”

“ಇವತ್ತು ಮೊಮ್ಮಗಳದ್ದು,” ಎಂದರು ಈಶ್ವರಿ. “ಮಗ, ಸೊಸೆ, ಎಲ್ಲರಿಗೂ ಸರದಿ ಉಂಟು.”

“ಗುಣ ಆಗ್ಲಿ ಅಂತ ದೇವರ ಹತ್ರ ಕೇಳುದಾ?” ಎಂದರು ಗೌಡರು.

“ಮೊದಲೆಲ್ಲ ಕೇಳ್ತಿದ್ದೆ. ಮೂವತ್ತು ವರ್ಷ ಒಬ್ಬನೇ ಪೂಜೆ ಮಾಡಿದವ ನಾನು. ಈಗ ಆರತಿ ಮುಗಿಸಿ ತಿರುಗಿದ್ರೆ ಇಡೀ ಮನೆ ಹಿಂದೆ ನಿಂತಿರ್ತದೆ. ಇನ್ನೆಂತ ಕೇಳುದು ಮಾರಾಯ್ರೆ?”

ನರ್ಸ್ ಭಟ್ಟರ ಹೆಸರು ಕರೆದಳು. ಅವರ ಎಡಕ್ಕೆ ಕೂತಿದ್ದ ಈಶ್ವರಿ ಎದ್ದು ಸುತ್ತಿ ಬಂದು, ಆರತಿ ಎತ್ತುವ ಆ ಬಲಗೈಯನ್ನು ಹಿಡಿದು ಒಳಗೆ ಕರೆದುಕೊಂಡು ಹೋದರು.