ಘಾಟಿ ರೋಡಿಗೆ ಆಸಿದ ಸೂರು

…ಅದ್ಕೇ ಕಣ್ಲಾ ಅಂದಿದ್ದು, ಆ ತಿರುವು ಬಂದಾಗ ಕಾರು ವಸಿ ನಿಧಾನ ಮಾಡು ಅಂತ. ನೀವೆಲ್ಲ ಮಂಜು ನೋಡು, ಕಾಪಿ ತೋಟ ನೋಡು ಅಂತ ಕಿಟಕಿಗೆ ಅಂಟ್ಕಂಡಿದ್ರಿ. ಚೆಂದಾಗೇ ಅದೆ ಬುಡು, ಮೈಸೂರಿಂದ ನಮ್ಮ ಉಣಸೂರು, ಪಿರಿಯಾಪಟ್ಣ ದಾಟಿ ಮಡಿಕೇರಿ ಬೆಟ್ಟ ಅತ್ತೋ ಆ ರೋಡಿನಂಗೆ ಇನ್ನೊಂದು ನಾ ಕಾಣೆ. ನಾನೂ ನಿಮ್ಮ ತಾತನೂ ಮದ್ವೆಯಾದ ವರ್ಷವೇ, ಅಲ್ಲ ಅಲ್ಲ, ಅದ್ರ ಮಾರನೇ ವರ್ಷ, ನಮ್ಮೂರು ಕಟ್ಟೆಮಳಲವಾಡಿ ಬುಟ್ಟು ಅಲ್ಲಿಗೆ ಟಾರು ಕೆಲ್ಸಕ್ಕೆ ಓದ್ವು. ನನ್ನ ಮೊದ್ಲ ಕೂಲಿ ಕೆಲ್ಸ ಅದೇಯ. ಖಾಲಿ ಟಾರು ಡ್ರಮ್ಮು ಸೀಳಿ, ಬಡಿದು ತಗಡು ಮಾಡಿ, ಅದನ್ನೇ ಗುಡ್ಲಿಗೆ ಸೂರು ಮಾಡ್ಕಂಡಿದ್ವು. ಬಿಸ್ಲಲ್ಲಿ ಬಾಣ್ಲೆ, ಮಳೇಲಿ ತಮಟೆ, ಗೊತ್ತಾ.

ಒಂದಿನ ಮಳೆ ಉಯ್ದು ಉಯ್ದು, ಮದ್ಯಾನದೊತ್ಗೆ ಆ ತಿರುವಲ್ಲೇ ಗುಡ್ಡ ಜರಿದು ರೋಡಿನ ಮ್ಯಾಲೇ ಕುಂತ್ಕತು. ಆಚೆ ಕಡೆ ಒಂದು ಜೀಪು ಬಂದು ನಿಂತ್ಕತು. ಒಳಗೆ ಬಸ್ರಿ ಎಂಗ್ಸು, ನೋವು ತಿಂತಾವ್ಳೆ. ಅವಳ ಗಂಡ ಅಲ್ಲಿಂದ್ಲೇ ಕೂಗ್ತಾನೆ: "ಅಮ್ಮಾ, ಕೂಸು ಅಡ್ಡ ತಿರಿಕ್ಕಂಡದಂತೆ, ಡಾಕುಟ್ರು ಮೈಸೂರಿಗೇ ಕರ್ಕಂಡೋಗಿ ಅಂದವ್ರೆ! ಎಂಗಾರ ದಾಟ್ಸಿ!" ನಮ್ಮ ಮೇಸ್ತ್ರಿ, "ಯಾರೂ ಇಳೀಬ್ಯಾಡಿ, ಮ್ಯಾಗಿಂದ ಇನ್ನೂ ಜರೀತಾ ಅದೆ" ಅಂದ. ಅವನಂದದ್ದೂ ಸರಿಯೇ. ನಿಮ್ಮ ತಾತ ಆ ಕೆಸರಿಗೆ ಕಾಲು ಮಡಗಿದ್ದೇ ತಡ, ತೊಡೆಗಂಟ ಉಗಿದೋದ್ರು, ಎಲ್ರೂ ಸೇರಿ ಎಳೆದಾಕಿದ್ವು.

ಆಗ ನನ್ನ ಜೊತೆಗಾತಿ ಚಿಕ್ಕತಾಯಿ, ಬಾಯಿ ಬುಟ್ಟು ಒಂದು ಮಾತೂ ಆಡದೋಳು, ಸೀದಾ ಓಗಿ ತನ್ನ ಗುಡ್ಲಿನ ತಗಡು ಕಿತ್ತಳು ಕಣ್ರಲಾ! "ಏನಮ್ಮಿ ಇದು, ಇಂಥ ಮಳೇಲಿ?" ಅಂದೆ. "ಇದನ್ನ ಕೆಸರಿನ ಮ್ಯಾಲೆ ಆಸ್ಕಂಡು ಓಗಾನ ಕಣಕ್ಕ, ಕಾಲು ಊತ್ಕಳಾಕಿಲ್ಲ" ಅಂದ್ಲು. ಅಷ್ಟೇಯ. ನಾವೂ ನಮ್ಮ ನಮ್ಮ ಸೂರು ಕಿತ್ವು. ಒಳಗಿದ್ದ ರಾಗಿಇಟ್ಟು, ಚಾಪೆ, ಎಲ್ಲಾ ನೆಂದೋಯ್ತು, ಓಗ್ಲಿ ಬುಡು. ತಗಡಿಗೆ ತಗಡು ಜೋಡ್ಸ್ಕಂಡು ಆಚೆಗಂಟ ಓದ್ವು. ಮೇಸ್ತ್ರಿ ಬೈಯೋದು ಬುಟ್ಟು ಗುಡ್ಡ ನೋಡ್ತಾ ನಿಂತ, "ಕಲ್ಲು ಉರುಳುದ್ರೆ ಕೂಗ್ತೀನಿ, ನಡೀರಿ ನಡೀರಿ!" ಅಂತ. ಕಂಬ್ಳೀಲಿ ಜೋಲಿ ಕಟ್ಟಿ ಆ ಎಂಗ್ಸನ್ನ ಒತ್ಕಂಡು ಬಂದ್ವು. ಕಾಲಡಿ ತಗಡು ಜಾರ್ತಾ ಅದೆ, ಅವಳು ನನ್ನ ಕೈ ಇಡ್ಕಂಡವ್ಳು ಬುಡ್ತಾನೇ ಇಲ್ಲ. ದಾರಿ ಇಲ್ದೆ ಈಚೆ ನಿಂತೋಗಿದ್ದ ಒಂದು ವ್ಯಾನಿಗೆ ಗಂಡ ಎಂಡ್ತಿ ಇಬ್ರನ್ನೂ ಅತ್ತಿಸಿ ಮೈಸೂರಿಗೆ ಕಳ್ಸಿದ್ವು.

ಮಾರನೇ ದಿನ ಮಳೆ ನಿಂತ ಮ್ಯಾಲೆ ಆ ಗಂಡ ನಮ್ಮನ್ನ ಉಡಿಕ್ಕಂಡು ಬಂದ. "ತಾಯಿ ಮಗಳು ಇಬ್ರೂ ಚೆನ್ನಾಗವ್ರೆ ಕಣವ್ವ" ಅಂತ ಚಿಕ್ಕತಾಯಿಗೆ ಕೈ ಮುಗಿದು ಅಳ್ತಾನೆ. ಅವಳೋ, "ಅಳಾದು ಇರ್ಲಿ ಅಣ್ಣ, ಆ ತಗಡು ವಸಿ ಎತ್ಕೊಡು" ಅಂದ್ಲು! ಅವನೇ ಮ್ಯಾಲತ್ತಿ ಎಲ್ಲಾ ಗುಡ್ಲಿಗೂ ಮೊಳೆ ಒಡ್ದ. ಎಂಥಾ ಎಣ್ಣು ಕಣ್ರಲಾ ಅವಳು! ಎದುರಿಗೆ ಒಂದು ಜೀವ ಒದ್ದಾಡ್ತಿದ್ರೆ ಮೊದ್ಲು ಅದನ್ನ ದಾಟ್ಸಿ, ಮನೆ ಆಮ್ಯಾಕೆ ಕಟ್ಕಬೌದು. ಏಳಿ, ಸಾರು ಆರೋಯ್ತದೆ.