ಮೂರನೇ ಡಬ್ಬಿ

ಅಲ್ಲಾಡಬೇಡ ಅಂದೆನಲ್ಲ! ಬಾಯಲ್ಲಿ ಆರು ಗುಂಡುಸೂಜಿ ಕಚ್ಚಿಕೊಂಡು ಎಷ್ಟು ಸಲ ಅಂತ ಹೇಳಲಿ... ಸ್ಟೂಲು ಹತ್ತಿದ ಮೇಲೆ ಕಂಬದ ಹಾಗೆ ನಿಲ್ಲಬೇಕು, ಪುಟ್ಟಿ. ಸಂಜೆ ಆರೂವರೆಗೆ ಪರದೆ ಏಳುತ್ತೆ, ಈಗಲೇ ಹನ್ನೊಂದು. ಎಡಗಡೆ ಹೊಲಿಗೆ ಒಂದೇ ಬಾಕಿ. ನೋಡು, ನೋಡು... ಕೊಕ್ಕೆ ಹೇಗೆ ಕೂತುಕೊಳ್ತು! ಮೂರು ವಾರದ ಹಿಂದೆ ಇದೇ ಕುಪ್ಪಸ ನಿನ್ನ ಬೆನ್ನ ಮೇಲೆ ಒಂದು ಗೇಣು ಬಾಯಿ ತೆರೆದುಕೊಂಡು ನಿಂತಿತ್ತಲ್ಲ. "ಏನೇ ಇದು, ಎಷ್ಟು ಊದಿದೀಯ" ಅಂತ ನಾನಂದಾಗ ಇಡೀ ನಾಟಕ ಕಂಪನಿ ನಕ್ಕಿತ್ತು. ನೀನೂ ನಕ್ಕಿದ್ದೆ.

ಈಗ ಯಾಕೆ ನಗ್ತೀಯ? ಹ್ಞೂ, ಹೌದಮ್ಮಾ, ಬಟ್ಟೆಗೂ ನಾನೇ ಚುಚ್ಚೋದು, ನಿನ್ನ ಹೊಟ್ಟೆಗೂ ನಾನೇ ಚುಚ್ಚೋದು. ಅಕ್ಕನಾಗಿ ಹುಟ್ಟಿದ ತಪ್ಪಿಗೆ! ಸಾವಿರ ಜನರ ಮುಂದೆ ರಾಣಿಯಾಗಿ ಕತ್ತಿ ಹಿರಿದು ನಿಲ್ಲೋಳು ನೀನು, ಕೂದಲೆಳೆಯಷ್ಟು ಸೂಜಿ ಕಂಡ್ರೆ ಗೋಡೆ ಕಡೆ ತಿರುಗಿ ಕಣ್ಣು ಮುಚ್ಚಿಕೊಳ್ತೀಯ. "ಆಯ್ತಾ ಅಕ್ಕ? ಆಯ್ತಾ ಅಕ್ಕ?" ಅಂತ ಒಂದೇ ಜಪ. ಚುಚ್ಚಿ ತೆಗೆದು ಹತ್ತಿಯೊತ್ತಿದ ಮೇಲೂ ಅದೇ ಜಪ. ಔಷಧಿ ಡಬ್ಬಿಯನ್ನಾದರೂ ಒಂದು ಸಲ ಕಣ್ಣೆತ್ತಿ ನೋಡಿದೀಯಾ? ಐಸಿನ ಪೆಟ್ಟಿಗೆಯಲ್ಲಿಟ್ಟು ಊರಿಂದೂರಿಗೆ ಹೊತ್ತು ತಂದೋಳು ನಾನು, ಪ್ರತಿ ಶುಕ್ರವಾರ ನೆನಪಿಟ್ಟು ಚುಚ್ಚೋಳು ನಾನು.

ಏನು? ಮತ್ತೆ ತೊಳಸ್ತಾ ಇದೆಯಾ? ಅದು ಇದ್ದದ್ದೇ ಕಣೇ! ಡಾಕ್ಟರಮ್ಮ ಮೊದಲೇ ಹೇಳಿರಲಿಲ್ವಾ? ಊಟ ಆದ ಮೇಲೆ ನಮ್ಮ ಕರುಳು ತಲೆಗೆ ಒಂದು ಮಾತು ಕಳಿಸುತ್ತಂತೆ, "ಸಾಕು, ತುಂಬಿತು" ಅಂತ. ಈ ಔಷಧಿ ಆ ಕರುಳಿನ ದನಿಯನ್ನೇ ಅನುಕರಿಸುತ್ತೆ. ನಿಮ್ಮ ಹಾಸ್ಯಗಾರ ಮಾಲೀಕರ ದನಿ ತೆಗೀತಾನಲ್ಲ, ಹಾಗೇ. ತಲೆ ನಂಬಿಬಿಡುತ್ತೆ! ಅದರ ಮೇಲೆ ಹೊಟ್ಟೆ ಖಾಲಿಯಾಗೋದೂ ನಿಧಾನ. ಅದಕ್ಕೇ ನಾಲ್ಕು ತುತ್ತಿಗೆ ನಿನಗೆ ತಟ್ಟೆ ಬೇಡವಾಗೋದು. ಓಕರಿಕೆ ಬರುತ್ತೆ, ಹೊಟ್ಟೆ ಕಟ್ಟುತ್ತೆ... ಸ್ವಲ್ಪ ಸ್ವಲ್ಪ ತಿನ್ನಬೇಕು, ಜಿಡ್ಡು ಬಿಡಬೇಕು, ನೀರು ಕುಡೀತಾ ಇರಬೇಕು. ನೀನು ಕುಡೀತೀಯಾ? ಕುಡಿದದ್ದೂ ನಿಲ್ತಿಲ್ವಾ... ಎರಡು ದಿನದಿಂದ? ಹ್ಞಾ, ಅದು... ಮೈ ಒಗ್ಗೋ ತನಕ.

ಒಗ್ಗಲಿ ಅಂತ ತಾನೇ ಮೆಟ್ಟಿಲು ಮೆಟ್ಟಿಲಾಗಿ ಕೊಡೋದು? ನಿನ್ನ ಸಕ್ಕರೆ ಏರಿತ್ತು, ಮೊಣಕಾಲು ಏಣಿ ಕಂಡ್ರೆ ಅಳ್ತಿತ್ತು, ಸಕ್ಕರೆ ತೂಕ ಎರಡೂ ಇಳೀಲಿ ಅಂತ ಅವರು ಬರೆದುಕೊಟ್ಟದ್ದರಲ್ಲಿ ತಪ್ಪೇನಿಲ್ಲ. ನಾವು ತಿರುಗೋ ಜನ ಅಂತ ಮೂರು ತಿಂಗಳದ್ದು ಒಟ್ಟಿಗೇ ಕೊಟ್ಟರು. ಡಬ್ಬಿಗೆ ನಾಲ್ಕು ಸೂಜಿ ಪೆನ್ನು, ವಾರಕ್ಕೊಂದು. ಮೊದಲನೇ ಡಬ್ಬಿ ಕಡಿಮೆ ಡೋಸು, ಎರಡನೇದು ಅದರ ಇಮ್ಮಡಿ, ಮೂರನೇದು ಅದಕ್ಕೂ ಜೋರು. ಒಂದನ್ನ ಮುಗಿಸದೆ ಇನ್ನೊಂದನ್ನ ಮುಟ್ಟಬೇಡಿ ಅಂದಿದ್ರು...

ಈಗ ಯಾವುದಾ? ಎರಡನೇದು. ಐದು ವಾರ ಆಯ್ತಲ್ಲ, ನೀನೇ ಲೆಕ್ಕ ಹಾಕು. ಎರಡನೇದೇ, ಇನ್ನೇನು! ಯಾಕೆ ಹಾಗೆ ಕೇಳ್ತೀಯ?

ಏಯ್, ಇಳೀಬೇಡ... ಸರಿ ಸರಿ, ಕೂತ್ಕೋ. ಪೆಟ್ಟಿಗೆ ಮೇಲೆ ಕೂತ್ಕೋ. ಬೆವರ್ತಾ ಇದೀಯಲ್ಲೇ. ಎಲ್ಲಿ ನೋವು? ಮೇಲ್ಹೊಟ್ಟೇಲಾ... ಬೆನ್ನಿಗೂ ಬರ್ತಿದೆಯಾ? ಅದು ಈ ಕುಪ್ಪಸದೊಳಗೆ ಹೊಲಿದ ಕಡ್ಡಿ ಕಣೇ, ಬಿಗಿಯಾಗಿ ಒತ್ತಿರುತ್ತೆ. ಏನು, ನಿನ್ನೆ ಮಧ್ಯಾಹ್ನದಿಂದಾ?

ನಿನ್ನೆ ನೀನು ಕುಪ್ಪಸ ಹಾಕಿರಲಿಲ್ಲ.

ಇಲ್ಲ, ಏನಿಲ್ಲ. ಬಿಡದ ಹೊಟ್ಟೆನೋವು, ಬೆನ್ನಿಗೆ ಹಬ್ಬಿದರೆ ಕಾಯಬೇಡಿ, ಔಷಧಿ ನಿಲ್ಲಿಸಿ ನೇರ ಆಸ್ಪತ್ರೆಗೆ ಬನ್ನಿ ಅಂತ ಡಾಕ್ಟರಮ್ಮ ಅಂದಿದ್ರು. ಅವರು ಎಲ್ಲರಿಗೂ ಅದನ್ನೇ ಹೇಳ್ತಾರೆ. ಫೋನ್ ಮಾಡ್ತೀಯಾ? ಮಾಡು, ನಾನೇನು ಬೇಡ ಅಂದ್ನಾ? ಮಾಡಿದ್ರೆ ಅವರು ಯಾವ ಡೋಸು ಅಂತ ಕೇಳ್ತಾರೆ, ಅದು ಇದು... ಒಂದು ಆಟ ಮುಗೀಲಿ ಪುಟ್ಟಿ, ಟಿಕೆಟ್ಟೆಲ್ಲ ಹೋಗಿದೆ. ರಾಣಿಯಿಲ್ಲದ ಆಟ ಯಾರು ನೋಡ್ತಾರೆ?

ನೀರು ಬೇಕಾ? ಕೂತಿರು, ನಾನು ತರ್ತೀನಿ... ಏಳಬೇಡ ಅಂದೆ! ಫ್ರಿಜ್ ನಾನು ತೆಗೀತೀನಿ, ನೀನು... ಅಲ್ಲಿ ನೀರಿಲ್ಲ. ನೀರಿಲ್ಲ ಅಂದೆನಲ್ಲ... ಪುಟ್ಟಿ!

...

ಆ ಔಷಧಿ ಡಬ್ಬಿಗಳನ್ನ ಯಾಕೆ ಹೊರಗಿಡ್ತಿದೀಯ? ಸೂಜಿ ಅಂದ್ರೆ ನಿನಗೆ ಭಯ ಅಲ್ವಾ...

ಮೊದಲನೇ ಡಬ್ಬಿಯಲ್ಲಿ ಇನ್ನೂ ಎರಡಿವೆ. ಹೌದು. ಎರಡನೇದರ ಸೀಲು... ಹೌದು, ಒಡೆದಿಲ್ಲ. ಬೆರಳಾಡಿಸಿ ನೋಡಬೇಕಾಗಿಲ್ಲ. ಮೂರನೇದರಲ್ಲಿ ಒಂದೇ ಉಳಿದಿದೆ. ನನಗೆ ಗೊತ್ತು.

ಏನಾದ್ರೂ ಅನ್ನೇ.

ಮಾತಿನ ಮಲ್ಲಿ ನೀನು, ನಿದ್ದೇಲೂ ಪಾತ್ರದ ಮಾತು ಒದರೋಳು... ಹೀಗೆ ಸುಮ್ಮನೆ ನನ್ನ ನೋಡಬೇಡ.

ನೀನು ಈಚೆಗೆ ಊದಿರಲಿಲ್ಲ. ಆಯ್ತಾ? ಕೇಳಿಸ್ತಾ? ಅಳತೆ ಚೀಟಿಗಳ ಡಬ್ಬದಲ್ಲಿ ನಿನ್ನವು ಎರಡಿದ್ವು. ಒಂದು ಈ ವರ್ಷದ್ದು, ಒಂದು ಆರು ವರ್ಷದ ಹಿಂದಿನದು. ನಾನು ಹಳೇದನ್ನ ನೋಡಿ ಕತ್ತರಿಸಿಬಿಟ್ಟೆ. ತಾರೀಖು ಕಾಣಲಿಲ್ಲ ಕಣೇ... ಹತ್ತಿರದ್ದು ಯಾವುದೂ ಈಗ ನನಗೆ ಕಾಣಲ್ಲ, ದಾರ ಕೂಡ ಬೆರಳಿಂದ ತಡವಿ ಪೋಣಿಸ್ತೀನಿ. ಹೋದ ಆಟದಲ್ಲಿ ಒಂದು ಅಂಗಿಯ ತೋಳು ಕೆಟ್ಟಾಗಲೇ ಮಾಲೀಕರು "ಕಣ್ಣು ಹೋದ ದರ್ಜಿ ನಮಗ್ಯಾಕೆ" ಅಂದಿದ್ರು. ಈ ಮಖಮಲ್ಲು ಇನ್ನೊಂದು ಗಜ ಎಲ್ಲೂ ಸಿಗಲ್ಲ. ಹೊಲಿಗೆ ಬಿಚ್ಚೋಣ ಅಂದ್ರೆ ಒಳಗೆ ಒಂದು ಬೆರಳಗಲ ಬಟ್ಟೆಯೂ ಬಿಟ್ಟಿರಲಿಲ್ಲ. ಎಲ್ಲರೂ ನೋಡ್ತಿದ್ರು... ತಪ್ಪನ್ನ ನಿನ್ನ ಮೇಲೆ ಹಾಕಿಬಿಟ್ಟೆ. ಊದಿದೀಯ ಅಂದೆ. ಆ ಶುಕ್ರವಾರ ನೀನು ಗೋಡೆ ಕಡೆ ತಿರುಗಿದಾಗ ಮೂರನೇ ಡಬ್ಬಿ ತೆಗೆದೆ. ಒಂದೇ ಸಲ ಅಂದುಕೊಂಡಿದ್ದೆ. ಕೊಕ್ಕೆ ಒಂದು ಬೆರಳು ಹತ್ತಿರ ಬಂತು... ಇನ್ನೊಂದು ಸಲ ಅಂದುಕೊಂಡೆ.

ಬೈಯೇ! ಕೆನ್ನೆಗೆ ಹೊಡಿ. ಏನಾದ್ರೂ ಮಾಡು.

ಪುಟ್ಟಿ? ಯಾಕೆ ವಾಲ್ತಿದೀಯ... ಈ ಕಡೆ, ನನ್ನ ಮೇಲೆ ಒರಗು. ಅಯ್ಯೋ, ಕೈ ಎಷ್ಟು ತಣ್ಣಗಿದೆ! ಕೊಕ್ಕೆ... ಹಾಳು ಕೊಕ್ಕೆ ಕಾಣ್ತಿಲ್ಲ ನನಗೆ. ಕತ್ತರಿ ಎಲ್ಲಿ, ಕತ್ತರಿ... ತಡಿ, ಮಖಮಲ್ಲು ಹಾಳಾಗಿ ಹೋಗಲಿ. ಹರೀತು. ಉಸಿರು ತಗೋ. ಡಾಕ್ಟರಮ್ಮನಿಗೆ ಫೋನ್ ಹೋಗ್ತಾ ಇದೆ, ಎತ್ತಿದ ತಕ್ಷಣ ನಾನೇ ಹೇಳ್ತೀನಿ, ಮೂರನೇ ಡಬ್ಬಿ, ಮೂರು ಸಲ, ಚುಚ್ಚಿದ್ದು ನಾನು ಅಂತ. ಬಿಗಿ ಹೋಯ್ತಲ್ಲ, ಈಗ ಕಣ್ಣು ಬಿಡು.

ಸೂಜಿ ಇಲ್ಲ ಪುಟ್ಟಿ. ನೋಡು, ನನ್ನ ಕೈಲಿ ಏನೂ ಇಲ್ಲ. "ಆಯ್ತಾ ಅಕ್ಕ" ಅಂತ ಕೇಳು... ಒಂದೇ ಒಂದು ಸಲ ಕೇಳೇ.